ಕಂಬಳಿಯೊಳಗೆ ಬೆಳೆದ ಪಾಚಿ

ಇದು ೧೯೫೮ರಲ್ಲಿ ಶಿಕಾರಿಪುರದ ನಮ್ಮ ಮನೆಯಲ್ಲೇ ನಡೆದದ್ದು. ನನ್ನ ಯಜಮಾನರು ನಾಗರಾಜಪ್ಪನವರು ಹೊನ್ನಾವರದಿಂದ ಡಬ್ಬಗಳಲ್ಲಿ ಸಮುದ್ರದ ನೀರು ತರಿಸಿ, ಗಾಜಿನ ತೊಟ್ಟಿಯಲ್ಲಿ ಒಂದು ಮೀನು ಸಾಕಿದ್ದರು. ದಿನವೂ ಅವರು ನೀರಿಗೆ ಕೈಯಿಳಿಸಿ ಗಾಜಿಗೆ ಅಂಗೈ ಒತ್ತಿದರೆ, ಮೀನು ಬಂದು ಅದಕ್ಕೆ ಒರಗುತ್ತಿತ್ತು. ಅವರು ಜ್ವರದಲ್ಲಿ ತೀರಿಕೊಂಡ ಮೇಲೆ ಗಾಜಿಗೆಲ್ಲ ಪಾಚಿ ಕಟ್ಟಿತು.

"ಲಿಂಗಪೂಜೆ ಮಾಡೋ ಮನೇಲಿ ಮೀನಂತೆ, ಮೀನು! ಬಚ್ಚಲಿಗೆ ಸುರೀತೀನಿ," ಎಂದರು ಅತ್ತೆ.

ನನಗೆ ಮೈಯೆಲ್ಲ ಉರಿಯಿತು. "ಮೂರು ದಿನ ತಡೀರಿ ಅತ್ತೆ. ಪಾಚಿ ಹೋಗದಿದ್ರೆ ನಾನೇ ಸುರೀತೀನಿ."

ಬೆಳಕಿಲ್ಲದೆ ಪಾಚಿ ಬೆಳೆಯದೆಂದು ಕಾಲೇಜಿನಲ್ಲಿ ಓದಿದ್ದೆ. ಗಾಜನ್ನು ಪೂರ್ತಿ ಕೆರೆದು, ತೊಟ್ಟಿಗೆ ಕರಿಕಂಬಳಿ ಹೊದಿಸಿ, ಕೋಣೆಗೆ ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ನಾಲ್ಕನೆಯ ದಿನ ಬೆಳಿಗ್ಗೆ ಗಾಜು ಸ್ವಚ್ಛವಾಗಿತ್ತು. ಒಳಬದಿಯ ಒಂದೇ ಕಡೆ, ಐದು ಬೆರಳು ಬಿಡಿಸಿ ಅಂಗೈ ಒತ್ತಿದಂತೆ, ಎಳೆಹಸಿರು ಪಾಚಿಯಿತ್ತು. ಮೀನು ಅದಕ್ಕೆ ಒರಗಿ ನಿಂತಿತ್ತು.

ಕೀಲಿ ನನ್ನ ಸೊಂಟದಲ್ಲೇ ಇದ್ದರೂ, "ನಿಮ್ಮದೇ ಕಿತಾಪತಿ!" ಎಂದು ಅತ್ತೆಯ ಮೇಲೆ ಕೂಗಾಡಿದೆ. ಅವರು ಮೆಲ್ಲಗೆ ಆ ಜಾಗಕ್ಕೆ ತಮ್ಮ ಅಂಗೈ ಇಟ್ಟರು.

"ಬೆಚ್ಚಗಿದೆ ಕಣೇ. ಕೆರೀಬೇಡ."

ನೀರು ಮುಟ್ಟಿದೆ, ಕೊರೆಯುತ್ತಿತ್ತು. ಸಿಟ್ಟಿನಲ್ಲಿ ಬ್ಲೇಡಿನಿಂದ ಆ ಪಾಚಿಯನ್ನೂ ಕೆರೆದು, ಮತ್ತೆ ಕಂಬಳಿ ಹೊದಿಸಿ ಬೀಗ ಹಾಕಿದೆ.

ಮರುದಿನ ತೆಗೆದರೆ ಅಲ್ಲಿ ಎರಡು ಕೈಗಳಿದ್ದವು.

ಅತ್ತೆ ಮತ್ತೆಂದೂ ಸುರಿಯುವ ಮಾತೆತ್ತಲಿಲ್ಲ.