ಹೊಳೆಗಿಳಿಸಿದ ಕಡ್ಡಿ

ಗಣಿಯ ಪಂಪ್ ಮೇಸ್ತ್ರಿ ವೆಂಕಟ್ರಮಣನಿಗೆ ದಾಸನ ಮುಖ ಕಂಡರೆ ಮೈ ಉರಿಯುತ್ತಿತ್ತು. ಎಂಜಿನ್ನಿನ ಬಿಸಿನೀರನ್ನು ಆರಿಸಿ ಹೊಳೆಗೆ ಬಿಡಲು ಒಂದು ಕೆರೆ ಕಟ್ಟಿಸೆಂದು ಗಣಿಯವರು ಮೇಸ್ತ್ರಿಗೆ ಸಿಮೆಂಟು ಕೊಟ್ಟಿದ್ದರು. ಅರವತ್ತೆರಡನೇ ಇಸವಿಯಲ್ಲಿ ಪರ್ಮಿಟ್ಟಿಲ್ಲದೆ ಒಂದು ಚೀಲ ಸಿಮೆಂಟೂ ಸಿಗುತ್ತಿರಲಿಲ್ಲ. ಅದಷ್ಟೂ ಹಳದೀಪುರದಲ್ಲಿ ವೆಂಕಟ್ರಮಣನ ಹೊಸ ಮನೆಯ ಗೋಡೆಯಾಗಿ ನಿಂತಿತ್ತು. ಬಿಸಿನೀರು ಎಂಜಿನ್ನಿನ ಪಕ್ಕದ ತೊಟ್ಟಿಯಿಂದ ನೇರ ಹೊಳೆಗೆ ಬೀಳುತ್ತಿತ್ತು. ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ದಾಸ ಕಾಸರಕೋಡದ ಮೀನುಗಾರರ ಮನೆಯವನು, ಹೊಳೆಯ ಶಾಖ ಅಳೆಯಲು ಸರ್ಕಾರ ನೇಮಿಸಿದ ನೌಕರ. ಗಾಜಿನ ಕಡ್ಡಿಯನ್ನು ದಾರಕ್ಕೆ ಕಟ್ಟಿ ಹೊಳೆಯ ಮಡುವಿಗೆ ಇಳಿಬಿಟ್ಟು, ಪಾದರಸ ಎಲ್ಲಿಗೆ ಏರಿತೆಂದು ನೋಡುವುದು ಅವನ ಕೆಲಸ. ಅವನು ಬರುವ ಹೊತ್ತಿಗೆ ವೆಂಕಟ್ರಮಣ ತೊಟ್ಟಿಯ ತೂಬು ಮುಚ್ಚುತ್ತಿದ್ದ, ಬೆನ್ನು ತಿರುಗಿಸಿದೊಡನೆ ತೆರೆಯುತ್ತಿದ್ದ. ಸರ್ಕಾರದ ಕಣ್ಣಿಗೆ ಮಣ್ಣೆರಚುವುದು ಇಷ್ಟು ಸುಲಭವೇ ಎಂದು ಅವನಿಗೇ ನಗು ಬರುತ್ತಿತ್ತು.

ಆಮೇಲೆ ದಾಸ ಹೊಸ ಕಡ್ಡಿ ತಂದ. ನೀರಿಗಿಳಿಸುವ ಮೊದಲು ಅದನ್ನು ಫಟಫಟನೆ ಕೊಡವುವ ಹೊಸ ಚಟವೂ ಹತ್ತಿತು. ವೆಂಕಟ್ರಮಣ ಬೀಡಿ ಹಿಡಿದು ಹಾಗೆಯೇ ಕೊಡವಿ ತೋರಿಸಿ ಕೂಲಿಯಾಳುಗಳನ್ನು ನಗಿಸುತ್ತಿದ್ದ. ದಾಸನೂ ಜೊತೆಗೆ ನಕ್ಕ.

“ನಾ ಇಲ್ದಾಗ ನೀರು ಬಿಡ್ತ್ರಿ ಅಂತ ಗೊತ್ತದೆ ಮೇಸ್ತ್ರೇ,” ಎಂದ. “ಇನ್ನು ನಾ ಇಲ್ದೇ ಇದ್ರೂ ಅಡ್ಡಿಲ್ಲ.”

ಬರಿಯ ಬಾಯಿಬಡಾಯಿ ಎಂದುಕೊಂಡ ವೆಂಕಟ್ರಮಣ. ಆದರೂ ವರದಿ ಹೋದರೆ ಕೆರೆ ಎಲ್ಲಿ ಎಂದು ಕೇಳುತ್ತಾರೆ. ಮನೆ ಹೋಗುತ್ತದೆ, ಕೈಗೆ ಕೋಳ ಬೀಳುತ್ತದೆ. ಒಬ್ಬ ದಾಸ ಇಲ್ಲವಾದರೆ ಇದಾವುದೂ ಇಲ್ಲ.

ಕುಮಟೆಯ ಸಂತೆಯ ದಿನ ಆಳುಗಳೆಲ್ಲ ಹೊರಟುಹೋದರು. ವೆಂಕಟ್ರಮಣ ತೂಬು ಭದ್ರವಾಗಿ ಮುಚ್ಚಿದ. ಅಂದು ಹೊಳೆ ತಣ್ಣಗೇ ಇರಬೇಕು, ಗಣಿಯ ಕಡೆ ಯಾರ ಯೋಚನೆಯೂ ಹರಿಯಬಾರದು. ಎಂಜಿನ್ ಓಡುತ್ತಿರಲಿ, ಕೂಗಿದರೂ ಕೇಳಿಸದು. ತೊಟ್ಟಿಯ ನೀರಿಗೆ ಮೊಣಕೈ ಅದ್ದಿ ನೋಡಿದ, ಬಾಣಂತಿಯ ಮನೆಯಲ್ಲಿ ಕೂಸಿಗೆ ನೀರು ಹದ ಮಾಡುವವರ ಹಾಗೆ. ಬಿಸಿ ಇತ್ತು, ಚರ್ಮ ಬೇಯುವಷ್ಟಲ್ಲ.

“ಹೊಳೆದೆಂತ ಅಳೀತೆ ದಾಸಣ್ಣ, ತೊಟ್ಟಿದೇ ಅಳೆದು ಬರ್ಕೋ,” ಎಂದ. “ನಾ ಸೋತೆ.”

“ಆತು ಮೇಸ್ತ್ರೇ,” ಎಂದ ದಾಸ. ನೀವಾಗಿಯೇ ಒಪ್ಪಿಕೊಂಡಿರೆಂದು ಮೇಲಿನವರಿಗೆ ಹೇಳುತ್ತೇನೆ, ಶಿಕ್ಷೆ ಕಡಿಮೆಯಾದೀತು ಎಂದು ಸಮಾಧಾನವನ್ನೂ ಹೇಳಿದ. ಕಡ್ಡಿ ಕೊಡವಿ, ಮೊಣಕಾಲೂರಿ, ಅದನ್ನು ನೀರಿಗಿಳಿಸಿ ತೊಟ್ಟಿಗೆ ಬಗ್ಗಿದ.

ವೆಂಕಟ್ರಮಣ ಅವನ ಕತ್ತನ್ನು ನೀರೊಳಗೆ ಒತ್ತಿ ಹಿಡಿದ. ಕಾಲುಗಳು ಬಡಿದಾಡುವಷ್ಟು ಹೊತ್ತು, ಹೊಸ ಮನೆಯ ಬಾಗಿಲಿಗೆ ಹಸಿರು ಬಣ್ಣವೋ ನೀಲಿಯೋ ಎಂದು ಯೋಚಿಸಿದ. ನೀಲಿಯೇ ಲಾಯಕ್ಕು ಅನ್ನಿಸಿತು.

ಕೈಗಾಡಿಗೆ ಗೋಣಿ ಹಾಸಿ, ಮೈಗೆ ಗಾಯವಾಗದಂತೆ ಹೆಣವನ್ನು ಮಡುವಿಗೆ ಸಾಗಿಸಿದ. ಕಡ್ಡಿಯ ಬಗ್ಗೆಯಂತೂ ಇನ್ನೂ ಎಚ್ಚರ. ಒಡೆದರೆ ನೂರು ಪ್ರಶ್ನೆ. ಅದನ್ನು ತನ್ನ ಪಂಚೆಯಲ್ಲಿ ಸುತ್ತಿ, ಒಂದಿಷ್ಟೂ ಅಲುಗದಂತೆ ತಂದು, ದಾಸ ದಿನವೂ ಕಟ್ಟುತ್ತಿದ್ದ ದಡದ ಮರದ ಬೇರಿಗೇ ದಾರ ಕಟ್ಟಿ ನೀರಿಗಿಳಿಸಿದ.

ಸಂಜೆ ಬೊಬ್ಬೆ ಹಾಕಿ ಜನ ಸೇರಿಸಿದವನೂ ಅವನೇ. ಹೊನ್ನಾವರದ ಪೊಲೀಸ್ ಠಾಣೆಯಿಂದ ಫೌಜದಾರರು ಡಾಕ್ಟರನ್ನು ಕರೆದುಕೊಂಡು ಬಂದರು. ದಾಸನ ಹೆಂಡತಿ ಕಮಲಿ ನೆಲಕ್ಕೆ ಬಿದ್ದು ಹೊರಳುತ್ತಿದ್ದಳು. ವೆಂಕಟ್ರಮಣ ಅವಳ ಪಕ್ಕ ಕುಳಿತು, ಅಳಬೇಡ ತಂಗೀ ಎಂದು ತಾನೂ ಕಣ್ಣೊರೆಸಿಕೊಂಡ. ಹೆಣದ ಮೈಮೇಲೆ ಒಂದು ಗೀರೂ ಇರಲಿಲ್ಲ. ಕಾಲು ಜಾರಿ ಬಿದ್ದು ಸತ್ತನೆಂದು ಫೌಜದಾರರು ತೀರ್ಮಾನಿಸಿಯೂ ಆಗಿತ್ತು.

ಡಾಕ್ಟರು ಕೈ ತೊಳೆಯಲು ಮಡುವಿಗೆ ಬಗ್ಗಿದರು. ನೀರು ಕೊರೆಯುವಷ್ಟು ತಣ್ಣಗಿತ್ತು. ಬೇರಿಗೆ ಕಟ್ಟಿದ್ದ ದಾರ ಕಂಡು ಮೇಲಕ್ಕೆಳೆದರು, ಕಡ್ಡಿಯನ್ನು ಬೆಳಕಿಗೆ ಹಿಡಿದರು. ಪಾದರಸ ಯಾವ ಜ್ವರದವನಿಗೂ ಏರದಷ್ಟು ಮೇಲೆ ನಿಂತಿತ್ತು. “ಇದು ನಮ್ಮ ಜ್ವರದ ಕಡ್ಡಿ ಜಾತಿದು ಫೌಜದಾರ್ರೇ,” ಎಂದರು. “ಏರಿದ್ದು ಕೊಡವದೆ ಇಳಿಯೂದಿಲ್ಲ. ಇವ ಕಡೇಗೆ ಅಳೆದ ನೀರು ಇದಲ್ಲ. ಇಲ್ಲಿ ಬಿಸಿನೀರು ಎಲ್ಲಿ ಅದೆ?” ಕೂಲಿಯಾಳುಗಳು ಸಂತೆಯಿಂದ ಮರಳಿದ್ದರು. ಬೀಡಿ ಕೊಡವಿ ತಮ್ಮನ್ನು ನಗಿಸುತ್ತಿದ್ದ ಮೇಸ್ತ್ರಿಯ ಕೈಯನ್ನೇ ಎಲ್ಲರೂ ನೋಡಿದರು.