ಒಂಬತ್ತು ಗಂಟೆಯ ನಕ್ಷೆ

ತಮ್ಮನನ್ನು ಲಾಕಪ್ಪಿಗೆ ಹಾಕಿದಾಗಿನಿಂದ ಠಾಣೆಯ ಬೆರಳಚ್ಚುಗಾರ ಕುರ್ಚಿ ಮುಟ್ಟಿರಲಿಲ್ಲ. ಅಂಡು ಸುಟ್ಟ ಬೆಕ್ಕಿನಂತೆ ಕಿಟಕಿಗೂ ಬಾಗಿಲಿಗೂ ಅಲೆಯುತ್ತಿದ್ದ.

ಹದಿನೈದು ದಿನದಲ್ಲಿ ಆರು ಮನೆಗಳಿಗೆ ಹಾಡಹಗಲೇ ಕನ್ನ ಬಿದ್ದಿತ್ತು. ಹಳೆಯ ದೂರುಗಳನ್ನೆಲ್ಲ ಜಾಲಾಡಿ, ಮುಂದಿನ ಕಳ್ಳತನ ಎಲ್ಲೆಂದು ಹೇಳುವ ಕಂಪ್ಯೂಟರು ದಿನಾ ಬೀದಿಗಳ ನಕ್ಷೆಗೆ ಕೆಂಪು ಬಳಿಯುತ್ತಿತ್ತು. ಕೆಂಪು ಬೀದಿಗೆ ಗಸ್ತು, ಬಿಳಿ ಬೀದಿಗೆ ಯಾರೂ ಇಲ್ಲ. ಅದೇ ಕಂಪ್ಯೂಟರು ಶಂಕಿತರ ಪಟ್ಟಿಯಲ್ಲಿ ತಮ್ಮನನ್ನು ಮೊದಲಿಗಿಟ್ಟಿತ್ತು. ತಮ್ಮ ಬೀಗ ರಿಪೇರಿಯವನು.

"ಅವನು ಇರುವೆಗೂ ದಾರಿ ಬಿಡೋನು, ಅಮ್ಮಾ!" ಎಂದು ಬೆರಳಚ್ಚುಗಾರ ಅಂಗಲಾಚಿದ.

"ಗೋಳಾಡಬೇಡ. ಆರೂ ದೂರು ಕೊಡು, ಆ ದಿನಗಳ ನಕ್ಷೆನೂ ಕೊಡು," ಎಂದರು ಲೆಕ್ಕದಮ್ಮ. ನಿವೃತ್ತ ಗಣಿತದ ಟೀಚರು. ಬಿಡಿಸಲಾಗದ ಪ್ರಕರಣ ಬಂದಾಗಲೆಲ್ಲ ಠಾಣೆಯವರು ಅವರ ಮನೆಗೇ ಓಡುತ್ತಿದ್ದರು; ಇವತ್ತು ಅವರೇ ಠಾಣೆಗೆ ಬಂದಿದ್ದರು.

ನಕ್ಷೆ ಬರುತ್ತಿದ್ದದ್ದು ಒಂಬತ್ತಕ್ಕೆ. ಎದುರಿನ ಜೆರಾಕ್ಸ್ ಅಂಗಡಿಯವನು ಹನ್ನೆರಡು ಪ್ರತಿ ತೆಗೆದು ತಾನೇ ತಂದುಕೊಡುತ್ತಿದ್ದ. ನಾಲ್ಕನೇ ಕಳ್ಳತನದ ದಿನ ಮಾತ್ರ ನಕ್ಷೆ ತಪ್ಪಿತ್ತೆಂದು ಕಂಪ್ಯೂಟರು ನೋಡಿಕೊಳ್ಳುವ ಇಂಜಿನಿಯರ್ ಹುಡುಗಿ ಹತ್ತಕ್ಕೆ ತಿದ್ದುಪಡಿಯನ್ನು ಠಾಣೆಯವರೆಲ್ಲರ ಫೋನಿಗೆ ಕಳಿಸಿದ್ದಳು. ಲೆಕ್ಕದಮ್ಮ ಅವಳಿಗೆ ಎರಡು ಪ್ರಶ್ನೆ ಕೇಳಿ, ಒಬ್ಬ ಪೇದೆಯನ್ನು ಎಲ್ಲಿಗೋ ಅಟ್ಟಿದರು.

ಸಂಜೆ ಇಂಜಿನಿಯರ್, ಜೆರಾಕ್ಸ್ ಅಂಗಡಿಯವನು, ಎಲ್ಲರೂ ಇನ್‌ಸ್ಪೆಕ್ಟರರ ಕೋಣೆಯಲ್ಲಿ ಸೇರಿದರು. ತಮ್ಮನನ್ನೂ ಕರೆತಂದರು.

"ಆರು ಮನೆನೂ ಒಂಬತ್ತರ ನಕ್ಷೇಲಿ ಬಿಳಿ ಬೀದೀಲೇ ಇವೆ," ಲೆಕ್ಕದಮ್ಮ ಶುರುಮಾಡಿದರು. "ಕಳ್ಳ ನಕ್ಷೆ ನೋಡ್ಕೊಂಡೇ ಹೊರಟಿದಾನೆ. ಆದ್ರೆ ನಾಲ್ಕನೇ ಕಳ್ಳತನದ ಬೀದಿ ಹತ್ತು ಗಂಟೆಗೆ ಕೆಂಪಾಯ್ತು. ಆದ್ರೂ ಅಲ್ಲಿಗೇ ಹೋದ, ಗಸ್ತಿಗೆ ಸಿಕ್ಕೋದು ಕೂದಲೆಳೆಯಲ್ಲಿ ತಪ್ಪಿತು. ಠಾಣೆಯವರಿಗೆಲ್ಲ ತಿದ್ದುಪಡಿ ಗೊತ್ತಿತ್ತು. ಒಂಬತ್ತರದ್ದು ನೋಡಿ ಹತ್ತರದ್ದು ನೋಡದವನು ಒಬ್ಬನೇ."

ಎಲ್ಲರೂ ಜೆರಾಕ್ಸ್ ಅಂಗಡಿಯವನತ್ತ ತಿರುಗಿದರು.

"ನಾನಾ? ಕಂಪ್ಯೂಟರೇ ಇವನ ಹೆಸರು ಹೇಳಿದೆಯಲ್ಲಾ!"

ಅಷ್ಟರಲ್ಲಿ ಪೇದೆ ಬಂದು ಜೆರಾಕ್ಸ್ ಅಂಗಡಿಯಿಂದ ತಂದ ಕಾಗದದ ಡಬ್ಬವನ್ನು ಮೇಜಿನ ಮೇಲೆ ಸುರಿದ. ಆರು ನಕ್ಷೆ, ಪ್ರತಿಯೊಂದರಲ್ಲೂ ಒಂದೊಂದು ಮನೆಗೆ ಪೆನ್ನಿನ ಗುರುತು. ಅಡಿಯಲ್ಲಿ ಬಳೆ, ಸರ, ಗಡಿಯಾರ.

"ಹದಿಮೂರನೇ ಪ್ರತಿ," ಎಂದರು ಲೆಕ್ಕದಮ್ಮ.

"ಮತ್ತೆ ತಮ್ಮನ ಹೆಸರು ಹೇಗೆ ಬಂತು?" ಇನ್‌ಸ್ಪೆಕ್ಟರ್ ಕೇಳಿದರು.

ಲೆಕ್ಕದಮ್ಮ ಆರೂ ದೂರುಗಳನ್ನು ಬೆರಳಚ್ಚುಗಾರನತ್ತ ಸರಿಸಿದರು. ಅವನಿಗೆ ಆಗ ಹೊಳೆಯಿತು. ಕನ್ನ ಬಿದ್ದ ಮೇಲೆ ಆರು ಮನೆಯ ಬೀಗ ಸರಿಮಾಡಿದ್ದು ತಮ್ಮನೇ. ರಿಪೇರಿಯವನಿಗೆ ಫಾರಂನಲ್ಲಿ ಕಾಲಂ ಇಲ್ಲವೆಂದು 'ಸಂಬಂಧಪಟ್ಟವರು' ಎಂಬಲ್ಲಿ ತಮ್ಮನ ಹೆಸರು ಕುಟ್ಟಿದ್ದು ತನ್ನದೇ ಬೆರಳು. ಆರು ಸಲ.

"ನಾನೇ ಕಣೋ, ನಿನ್ನ ಸಿಕ್ಕಿಸಿದ್ದು," ಎಂದ. ಕಣ್ಣು ತುಂಬಿಕೊಂಡಿತು.

"ಅಳಬೇಡ ಅಣ್ಣ. ಮೊದಲು ಅಳಿಸು," ಎಂದ ತಮ್ಮ.

ಇಂಜಿನಿಯರ್ ತಲೆ ತಗ್ಗಿಸಿದಳು. "ಅಳಿಸೋಕಾಗಲ್ಲ. ಇವತ್ತಿನ ಬಂಧನ ಇವರ ಹೆಸರಿಗೆ ಏಳನೇದಾಗಿ ಸೇರಿಬಿಟ್ಟಿದೆ. ನಿರಪರಾಧಿ ಅಂತ ಬರೆಯೋಕೆ ಕಾಲಮ್ಮೇ ಇಲ್ಲ. ನಾಳೆಯ ಪಟ್ಟೀಲೂ ಇವರೇ ಮೊದಲು."

ಲೆಕ್ಕದಮ್ಮ ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡರು.

"ಹಾಗಾದ್ರೆ ಕಾಲಂ ಮಾಡಮ್ಮ. ಅಲ್ಲೀತನಕ ನಾನು ಏಳಲ್ಲ."

ಬೆರಳಚ್ಚುಗಾರ ತಮ್ಮನ ಕೈ ಹಿಡಿದು ಪಕ್ಕದ ಬೆಂಚಿನ ಮೇಲೆ ಕೂತ. ಬೆಳಗಿನಿಂದ ಅವನು ಕೂತದ್ದು ಅದೇ ಮೊದಲು.