ಟಬ್ಬಿನ ಆ ತುದಿಯಲ್ಲಿ

ಟಬ್ಬು ಕೊಳ್ಳಲು ಬಂದವರು ಬೆಲೆ ಕೇಳುತ್ತಾರೆ, ಅಳತೆ ಕೇಳುತ್ತಾರೆ. ಈ ಮನುಷ್ಯ ನೆಟ್ಟಗೆ ಒಳಗೆ ಬಂದವನೇ ಮೊದಲ ಟಬ್ಬಿನ ಅಂಚನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು ನಿಂತ.

"ಒಳಗ್ಯಾರೂ ಇಲ್ಲ ಸರ್," ಎಂದಳು ಶೋರೂಮಿನ ಹುಡುಗಿ.

ಅವನು ನಕ್ಕ. ಪಿಯಾನೋಗಳ ಶ್ರುತಿ ಸರಿಪಡಿಸುವುದು ಅವನ ಕಸುಬು. ದಿನವಿಡೀ ತಂತಿಗಳ ಜೊತೆ ಗುದ್ದಾಡಿ ಬಂದವನಿಗೆ ಬಾತ್‌ರೂಮಿನಲ್ಲಾದರೂ ಅಪಸ್ವರ ಬೇಡವಂತೆ. "ಅಕ್ರಿಲಿಕ್ ಮೂಗಿ. ಸ್ಟೀಲ್ ಬಾಯಿಬಡುಕಿ," ಎಂದು ಒಂದೊಂದನ್ನೇ ತಟ್ಟುತ್ತ ಹೋದವನು ಮೂಲೆಯಲ್ಲಿದ್ದ ಎರಕದ ಕಬ್ಬಿಣದ ಬಿಳಿ ಟಬ್ಬಿನ ಹತ್ತಿರ ನಿಂತುಬಿಟ್ಟ.

"ಇದರಲ್ಲಿ ಮಲಗಿ ಕೇಳಿದ್ದೀರಾ?"

"ನಾನು ಮಾರೋಳು ಸರ್. ಮಲಗೋರು ನೀವು."

"ಒಂದ್ಸಲ ಕೇಳಿ ನೋಡಿ."

ಚಪ್ಪಲಿ ಬಿಟ್ಟು ಸಂಕೋಚದಿಂದಲೇ ಮಲಗಿದಳು. ಅವನು ಮೆಲ್ಲಗೆ ತಟ್ಟಿದ. ಸದ್ದು ಮೊದಲು ಬೆನ್ನಿಗೆ ತಾಗಿತು, ಆಮೇಲೆ ಹೆಗಲಿಗೆ, ಕೊನೆಗೆ ಕಿವಿಗೆ. ಮೈ ಝುಮ್ಮೆಂದಿತು. ದಿನಾ ಬೆಳಗ್ಗೆ ಒರೆಸುವ ಟಬ್ಬು ಇದೇನಾ? ಕಣ್ಣು ತೆರೆದರೆ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದವನಂತೆ ನಲ್ಲಿಯ ಕಡೆ ತಿರುಗಿದ.

ಅಂದಿನಿಂದ ಅವನು ಬಂದದ್ದೇ ಬಂದದ್ದು. "ನಿನ್ನ ಟಕಟಕ ರಾಯರು ಬಂದ್ರು ನೋಡೇ," ಎಂದು ಕ್ಯಾಶಿನಲ್ಲಿ ಕೂರುವ ಚಿಕ್ಕಮ್ಮ ಕಿಚಾಯಿಸುವರು. ಹುಡುಗಿಗೋ, ಈಗ ಬಕೆಟ್ಟು, ಚಿಲಕ, ಟೀ ಲೋಟ ಎಲ್ಲವೂ ಹಾಡತೊಡಗಿದ್ದವು. ಇಷ್ಟು ದಿನ ತನಗೆ ಕಿವಿಯೇ ಇರಲಿಲ್ಲವಲ್ಲ ಎಂದು ಅವಳಿಗೆ ಬೆರಗು.

ಇವತ್ತು ಬಂದವನ ಮುಖ ಸಪ್ಪಗಿತ್ತು. "ನಾಳೆ ಪ್ಲಂಬರ್ ಬರ್ತಾನೆ. ಟಬ್ ಇಲ್ಲ ಅಂದ್ರೆ ನಮ್ಮಕ್ಕ ನನ್ನನ್ನೇ ಪೈಪಿಗೆ ಜೋಡಿಸ್ತಾಳೆ. ಕೊನೇ ಸಲ ಮಲಗಿ ನೋಡ್ತೀನಿ."

ಕಣ್ಣು ಮುಚ್ಚಿ ಒರಗಿದ. ಅವಳು ಒರೆಸುವ ಬಟ್ಟೆ ಕೈಗೆತ್ತಿಕೊಂಡಳು. ಟಬ್ಬು ಕೊಂಡವರು ಮತ್ತೆ ಯಾಕೆ ಬರುತ್ತಾರೆ? ಅವನ ಕಾಲ ಕಡೆಯ ತುದಿಯಲ್ಲಿ ಕೂತು, ಒರೆಸುವ ನೆಪದಲ್ಲಿ ಒಳಕ್ಕೆ ಬಾಗಿ, ಟಬ್ಬಿಗೇ ಹೇಳಿದಳು:

"ನೀನು ಹೋಗೋದಲ್ಲದೆ ಇವರನ್ನೂ ಕರ್ಕೊಂಡು ಹೋಗ್ತೀಯಲ್ಲ. ನಾಳೆಯಿಂದ ನಾನು ಯಾರ ದಾರಿ ಕಾಯಲಿ?"

ತನಗೇ ಸರಿಯಾಗಿ ಕೇಳದಷ್ಟು ಮೆಲ್ಲಗೆ ಹೇಳಿದ್ದಳು. ಆ ಟಬ್ಬಿನ ಮುಂದೆ ಗುಟ್ಟು ಹೇಳಬಾರದೆಂದು ಪಾಪ ಅವಳಿಗೇನು ಗೊತ್ತು?

ಅವನು ಕಣ್ಣು ತೆರೆಯಲಿಲ್ಲ. ತುಟಿ ಮಾತ್ರ ಅಲುಗಿತು. ಆ ತುದಿಯ ಪಿಸುಮಾತು ಟಬ್ಬಿನ ಬಾಗು ಹಿಡಿದು ಜಾರಿ ಬಂದು, ಕೆನ್ನೆಯ ಪಕ್ಕದಲ್ಲೇ ಯಾರೋ ಹೇಳಿದ ಹಾಗೆ ಅವಳ ಕಿವಿ ಸೇರಿತು.

"ಟಬ್ ಮೊದಲನೇ ದಿನವೇ ಆರಿಸಿದ್ದೆ ಕಣ್ರೀ. ಆಮೇಲೆ ಬಂದದ್ದೆಲ್ಲ ನಿಮಗೋಸ್ಕರ."

ಕೈಯ ಬಟ್ಟೆ ಜಾರಿತು. ಇಷ್ಟು ದೂರದಿಂದ ಇಷ್ಟು ಹತ್ತಿರ ಬರುವ ಮಾತನ್ನು ಅವಳು ಹುಟ್ಟಿದಂದಿನಿಂದ ಕೇಳಿರಲಿಲ್ಲ.

"ಬಿಲ್ ಹಾಕ್ಲೇನೇ?" ಅಂಗಡಿಯ ಆ ಕಡೆಯಿಂದ ಚಿಕ್ಕಮ್ಮ ಕೂಗಿದರು.

"ಹಾಕಿ ಚಿಕ್ಕಮ್ಮ," ಎಂದವಳು ಮತ್ತೆ ಟಬ್ಬಿನೊಳಕ್ಕೆ ಬಾಗಿದಳು. "ನಾಳೆ ಪ್ಲಂಬರ್ ಜೊತೆ ನಾನೂ ಬರ್ತೀನಿ. ಕೂರಿಸಿದ ಮೇಲೆ ಶ್ರುತಿ ಸರಿ ಇದೆಯಾ ಅಂತ ನೋಡಬೇಕಲ್ಲ."

ಆಗ ಅವನು ಕಣ್ಣು ತೆರೆದ.